ತೊಳೆಯುವುದೆಷ್ಟು, ಬಿಡುವುದೆಷ್ಟು: ಹಳೆಯ ಹಾಲಿವುಡ್ ಪ್ರೇಮಚಿತ್ರವನ್ನು ಡಿಸ್ಕಿಗೆ ತರುವಾಗಿನ ಆಯ್ಕೆಗಳು

ಆಡ್ರೆ ಹೆಪ್‌ಬರ್ನ್‌ಗೆ ಆಸ್ಕರ್ ತಂದುಕೊಟ್ಟ 1953ರ ‘ರೋಮನ್ ಹಾಲಿಡೇ’ಗೆ ಮೂಲ ಕ್ಯಾಮೆರಾ ನೆಗೆಟಿವ್ ಎಂಬುದೇ ಇವತ್ತು ಇಲ್ಲ. ಇಟಲಿಯ ಲ್ಯಾಬಿನಲ್ಲಿ ಸಂಸ್ಕರಿಸಿದ ಆ ನೆಗೆಟಿವ್ ಮೊದಲಿಂದಲೇ ಪೆಟ್ಟು ತಿಂದಿತ್ತು. ಅದನ್ನು ಜೋಡಿಸಿ ಪ್ರಿಂಟ್ ಹಾಕುವ ಸ್ಥಿತಿಗೆ ತರಲಿಕ್ಕೇ ಮಾಮೂಲಿಗಿಂತ ಹೆಚ್ಚು ರಿಪೇರಿ ಬೇಕಾಯಿತು. ಬಿಡುಗಡೆಯಾದ ಮೇಲೆ ಇನ್ನು ಕೆಲಸಕ್ಕೆ ಬಾರದೆಂದು ಎಸೆದರು. 2020ರಲ್ಲಿ ಪ್ಯಾರಾಮೌಂಟ್ ಚಿತ್ರವನ್ನು ಬ್ಲೂ-ರೇಗೆ ತಂದಾಗ ಆಧಾರವಾದದ್ದು, ಮೂಲ ನೆಗೆಟಿವ್ ಇದ್ದ ಕಾಲದಲ್ಲಿ ಅದರಿಂದ ತೆಗೆದಿಟ್ಟ ಒಂದು ಡ್ಯೂಪ್ ನೆಗೆಟಿವ್ (ನಕಲು ನೆಗೆಟಿವ್) ಮತ್ತು ಒಂದು ಫೈನ್ ಗ್ರೇನ್ ಪಾಸಿಟಿವ್ (ಸೂಕ್ಷ್ಮ ಕಣಗಳ ಫಿಲ್ಮಿನ ಮೇಲೆ ತೆಗೆದ ಪಾಸಿಟಿವ್ ನಕಲು). ಹಳೆಯ ಹಾಲಿವುಡ್ ಪ್ರೇಮಚಿತ್ರಗಳ ಪುನಃಸ್ಥಾಪನೆ ಬಹುಪಾಲು ಶುರುವಾಗುವುದು ಇಂಥ ಕಡೆಯಿಂದಲೇ. ಇದ್ದದ್ದರಲ್ಲಿ ಯಾವುದು ಮೇಲು, ಅದರಿಂದ ಎಷ್ಟು ತೆಗೆಯಬಹುದು ಎಂಬುದೇ ಪ್ರಶ್ನೆ.

ಕೆಳಗಿನ ಹೋಲಿಕೆ ಹಕ್ಕು ಪಡೆದು ಡಿಸ್ಕ್ ತರುವ ಸಣ್ಣ ಪ್ರಕಾಶಕರಿಗೆ, ಆರ್ಕೈವ್ ಕೆಲಸ ಕಲಿಯುತ್ತಿರುವವರಿಗೆ. ಒಂದೇ ಚಿತ್ರದ ಎರಡು ಡಿಸ್ಕುಗಳಲ್ಲಿ ಯಾವುದನ್ನು ಕೊಳ್ಳುವುದೆಂದು ತಡಕಾಡುವವರಿಗೂ ಉಪಯೋಗಕ್ಕೆ ಬಂದೀತು. ದುಡ್ಡಿನ ವಿಷಯದಲ್ಲಿ ಒಂದು ಮಾತು ಮೊದಲೇ ಹೇಳಿಬಿಡಬೇಕು. ಕೈಯಲ್ಲಿರುವುದು ಸೀಮಿತವಾದರೆ ಒಳ್ಳೆಯ ಪ್ರತಿ ಹುಡುಕಲಿಕ್ಕೂ ಒಳ್ಳೆಯ ಸ್ಕ್ಯಾನ್‌ಗೂ ಸುರಿಯಿರಿ, ಸಾಫ್ಟ್‌ವೇರ್ ಚಮತ್ಕಾರಕ್ಕಲ್ಲ. ಬಾವಿಯಲ್ಲಿ ಇದ್ದರಲ್ಲವೇ ಬಿಂದಿಗೆಗೆ ಬರುವುದು.

ಯಾವ ಪ್ರತಿಯಿಂದ ಶುರು ಮಾಡಬೇಕು

ಕಪ್ಪು-ಬಿಳುಪು ಚಿತ್ರವೊಂದರ ವಂಶಾವಳಿ ಹೀಗಿರುತ್ತದೆ: ಕ್ಯಾಮೆರಾದೊಳಗೆ ಓಡಿದ ಮೂಲ ನೆಗೆಟಿವ್, ಅದರಿಂದ ಫೈನ್ ಗ್ರೇನ್ ಮಾಸ್ಟರ್ ಪಾಸಿಟಿವ್, ಅದರಿಂದ ಡ್ಯೂಪ್ ನೆಗೆಟಿವ್, ಅದರಿಂದ ಥಿಯೇಟರ್ ಪ್ರಿಂಟ್. ಒಂದೊಂದು ತಲೆಮಾರು ಇಳಿದಂತೆಲ್ಲ ಸೂಕ್ಷ್ಮ ವಿವರ ಸವೆಯುತ್ತದೆ, ಹಿಂದಿನವರ ಗ್ರೇನಿನ (ಚಿತ್ರ ಮೂಡಿಸುವ ಬೆಳ್ಳಿ ಕಣಗಳ) ಮೇಲೆ ಹೊಸ ಗ್ರೇನ್ ಕೂರುತ್ತದೆ. ಮೂಲ ನೆಗೆಟಿವ್‌ನ ಗ್ರೇನ್ ಚಿರೋಟಿ ರವೆಯಾದರೆ ನಾಲ್ಕನೇ ತಲೆಮಾರಿನದು ಬನ್ಸಿ ರವೆ.

ಇದ್ದರೆ ಮೂಲ ನೆಗೆಟಿವ್ ಎಂಬುದರಲ್ಲಿ ಅನುಮಾನವಿಲ್ಲ; ಆದರೆ ಅದೊಂದೇ ಸಾಲದು. ಜನ ಮೆಚ್ಚಿದ ಚಿತ್ರದ ನೆಗೆಟಿವ್‌ನಿಂದಲೇ ನೇರವಾಗಿ ಪ್ರಿಂಟುಗಳನ್ನು ಹಾಕಿ ಹಾಕಿ ಸವೆಸಿರುತ್ತಾರೆ. ಹರಿದ ಕಡೆ ಫ್ರೇಮುಗಳನ್ನು ಕತ್ತರಿಸಿ ಅಂಟಿಸಿರುತ್ತಾರೆ, ಇಡೀ ಶಾಟನ್ನೇ ಡ್ಯೂಪಿನಿಂದ ಬದಲಿಸಿದ್ದೂ ಉಂಟು. ಹೀಗಾಗಿ ಒಂದು ಚಿತ್ರಕ್ಕೆ ಒಂದೇ ಆಕರ ಎಂದು ಹಟ ಹಿಡಿಯದೆ ರೀಲಿನಿಂದ ರೀಲಿಗೆ, ಬೇಕಾದರೆ ಶಾಟಿನಿಂದ ಶಾಟಿಗೆ ಉತ್ತಮವಾದದ್ದನ್ನು ಆರಿಸಬೇಕು. ‘ಕಾಸಾಬ್ಲಾಂಕಾ’ದ (1942) 2022ರ 4ಕೆ (ಅಡ್ಡಕ್ಕೆ ಸುಮಾರು ನಾಲ್ಕು ಸಾವಿರ ಪಿಕ್ಸೆಲ್) ಡಿಸ್ಕಿಗೆ ವಾರ್ನರ್ ಬಳಸಿದ್ದು ಉಳಿದಿರುವ ನೈಟ್ರೇಟ್ (ಬೇಗ ಹೊತ್ತಿಕೊಳ್ಳುವ ಹಳೆಯ ಫಿಲ್ಮ್) ಪ್ರತಿಗಳಲ್ಲಿ ಅತ್ಯುತ್ತಮವಾದವುಗಳ 16-ಬಿಟ್ ಸ್ಕ್ಯಾನ್.

ಫೈನ್ ಗ್ರೇನ್ ಪಾಸಿಟಿವ್, ಡ್ಯೂಪ್ ನೆಗೆಟಿವ್ ಎರಡೂ ಸಿಕ್ಕರೆ ಮೊದಲ ಒಲವು ಫೈನ್ ಗ್ರೇನಿನ ಕಡೆಗಿರಲಿ. ಅದು ಮೂಲಕ್ಕೆ ಒಂದು ಹೆಜ್ಜೆ ಹತ್ತಿರ. ಅದರ ಕಾಂಟ್ರಾಸ್ಟನ್ನೂ ಬೇಕೆಂದೇ ಮಂದವಾಗಿ ಇಟ್ಟಿರುತ್ತಾರೆ, ಆದ್ದರಿಂದ ನೆರಳಿನಲ್ಲೂ ಬೆಳಕಿನಲ್ಲೂ ಮಾಹಿತಿ ಉಳಿದಿರುತ್ತದೆ. ಆ ರೀಲು ಹರಿದಿದ್ದರೆ, ಫ್ರೇಮು ಕಾಣೆಯಾಗಿದ್ದರೆ, ಅದೂ ಪ್ರಿಂಟರಿನಲ್ಲಿ ಓಡಿ ಓಡಿ ಗೀರುಬಿದ್ದಿದ್ದರೆ ಮಾತ್ರ ಆ ಭಾಗಕ್ಕೆ ಡ್ಯೂಪ್ ನೆಗೆಟಿವ್ ತನ್ನಿ. ಎರಡನ್ನೂ ಬೆರೆಸುವಾಗ ತೊಂದರೆ ಕೊಡುವುದು ಸಾಂದ್ರತೆಯ ವ್ಯತ್ಯಾಸವಲ್ಲ, ಅದನ್ನು ಗ್ರೇಡಿಂಗಿನಲ್ಲಿ (ಬೆಳಕು, ಬಣ್ಣ ಹದಗೊಳಿಸುವ ಹಂತದಲ್ಲಿ) ಸರಿದೂಗಿಸಬಹುದು. ತೊಂದರೆ ಕೊಡುವುದು ಕುಗ್ಗುವಿಕೆ. ಎರಡು ಫಿಲ್ಮುಗಳು ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗಿರುವುದರಿಂದ ಒಂದೇ ಶಾಟಿನ ನಡುವೆ ಆಕರ ಬದಲಾದರೆ ಚಿತ್ರ ಕೂದಲೆಳೆಯಷ್ಟು ಹಿಗ್ಗಿ ಕುಗ್ಗಿದಂತೆ ಕಾಣುತ್ತದೆ. ಬದಲಾವಣೆಯನ್ನು ಕಟ್ ಇರುವ ಜಾಗಕ್ಕೇ ತಳ್ಳಿ.

ಥಿಯೇಟರ್ ಪ್ರಿಂಟ್ ಕೊನೆಯ ಗತಿ. ಪರದೆಗೆ ಬೀಳಲೆಂದು ಮಾಡಿದ್ದಾದ್ದರಿಂದ ಕಾಂಟ್ರಾಸ್ಟ್ ಏರಿಸಿಯೇ ಹಾಕಿರುತ್ತಾರೆ. ಕಪ್ಪು ಕೋಟಿನ ಮಡಿಕೆ, ಕತ್ತಲೆ ಬೀದಿಯ ಗೋಡೆ ಪ್ರಿಂಟಿನಲ್ಲೇ ಮುಚ್ಚಿಹೋಗಿದ್ದರೆ ಯಾವ ಯಂತ್ರವೂ ಅದನ್ನು ತೆರೆಯಲಾರದು. ಆದರೂ ಹಳೆಯ ಪ್ರಿಂಟೊಂದು ಸಿಕ್ಕರೆ ಬಿಡಬೇಡಿ. ಸ್ಕ್ಯಾನ್‌ಗೆ ಬೇಡವಾದರೂ ಆ ಕಾಲದ ಪ್ರೇಕ್ಷಕ ಎಷ್ಟು ಕತ್ತಲು, ಎಷ್ಟು ಬೆಳಕು ನೋಡಿದ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ.

ಬಣ್ಣದ ಚಿತ್ರಗಳ ಲೆಕ್ಕ ಬೇರೆ. 1932ರಿಂದ 1950ರ ದಶಕದ ನಡುವಿನವರೆಗೆ ಓಡಿದ ಮೂರು-ಪಟ್ಟಿ ಟೆಕ್ನಿಕಲರ್ ಕ್ಯಾಮೆರಾದಲ್ಲಿ ಒಂದೇ ದೃಶ್ಯ ಮೂರು ಕಪ್ಪು-ಬಿಳುಪು ನೆಗೆಟಿವ್‌ಗಳ ಮೇಲೆ ದಾಖಲಾಗುತ್ತಿತ್ತು. ಬೆಳ್ಳಿಯ ಚಿತ್ರವಾದ್ದರಿಂದ ಬಣ್ಣ ಮಾಸುವ ಭಯವಿಲ್ಲ, ಆದರೆ ಮೂರೂ ಒಂದೇ ರೀತಿ ಕುಗ್ಗುವುದಿಲ್ಲ. ಹಾಗೆಯೇ ಒಂದರ ಮೇಲೊಂದು ಇಟ್ಟರೆ ನಾಯಕಿಯ ಕೆನ್ನೆಯ ಅಂಚಿನಲ್ಲಿ ಕೆಂಪು-ಹಸಿರು ಗೆರೆ ಮೂಡುತ್ತದೆ. 2004ರ ‘ಗಾನ್ ವಿತ್ ದ ವಿಂಡ್’ ಡಿವಿಡಿಗಾಗಿ ವಾರ್ನರ್ ಮಾಡಿದ್ದು ಇದೇ ಕೆಲಸ, ಮೂರನ್ನೂ ಪ್ರತ್ಯೇಕವಾಗಿ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಹೊಂದಿಸುವುದು. 1950ರ ನಂತರ ಬಂದ ಒಂದೇ ಪಟ್ಟಿಯ ಈಸ್ಟ್‌ಮನ್‌ಕಲರ್‌ನಲ್ಲಿ ಇದಕ್ಕೆ ತಿರುಗುಮುರುಗು: ಹೊಂದಿಸುವ ತಾಪತ್ರಯವಿಲ್ಲ, ಬಣ್ಣವೇ ಓಡಿಹೋಗುತ್ತದೆ. ಹಳೆಯ ಪ್ರಿಂಟುಗಳು ಗುಲಾಬಿಗೆ ತಿರುಗುವುದು ಅವುಗಳ ಸಯಾನ್ ವರ್ಣ ಮೊದಲು ಮಾಸುವುದರಿಂದ. ಅಂಥ ಚಿತ್ರಕ್ಕೆ ಕಪ್ಪು-ಬಿಳುಪು ಫಿಲ್ಮಿನ ಮೇಲೆ ತೆಗೆದಿಟ್ಟ ಮೂರು ಸೆಪರೇಷನ್ ಮಾಸ್ಟರ್‌ಗಳು ಇವೆಯೇ ಎಂದು ಕೇಳಿ, ಇವೆ ಎಂದರೆ ಬಿಚ್ಚಿ ನೋಡಿ. ತೆಗೆದಿಟ್ಟಾಗ ಯಾರೂ ಪರೀಕ್ಷಿಸದೆ ಡಬ್ಬಿ ಮುಚ್ಚಿದ ಸೆಪರೇಷನ್‌ಗಳು ದಶಕಗಳ ಬಳಿಕ ಕೈಕೊಡುತ್ತವೆ.

ಮೇಜಿನ ಮೇಲೆ ಒಂದು ರೀಲು

ಸ್ಕ್ಯಾನಿಂಗ್ ಸಂಸ್ಥೆಗೆ ಕಳಿಸುವ ಮುನ್ನ ರೀಲನ್ನು ಕೈಯಿಂದ ಸುತ್ತಿ ಪರೀಕ್ಷಿಸಲೇಬೇಕು. ಡಬ್ಬಿ ತೆರೆದೊಡನೆ ವಿನೆಗರ್ ವಾಸನೆ ಮೂಗಿಗೆ ಹೊಡೆದರೆ ಅಸಿಟೇಟ್ ಫಿಲ್ಮ್ ಕೊಳೆಯತೊಡಗಿದೆ ಎಂದರ್ಥ. ಹೊರಬರುವ ಆಮ್ಲವೇ ಕೊಳೆಯುವಿಕೆಯನ್ನು ಇನ್ನಷ್ಟು ಬೇಗ ಮಾಡಿಸುವುದರಿಂದ ಆ ರೀಲನ್ನು ಉಳಿದವುಗಳಿಂದ ಬೇರೆ ಇಟ್ಟು ಮೊದಲು ಸ್ಕ್ಯಾನ್ ಮಾಡಿಸಿ. 1950ರ ದಶಕದ ಆರಂಭಕ್ಕೂ ಹಿಂದಿನ ಫಿಲ್ಮಾದರೆ ಅದು ನೈಟ್ರೇಟ್ ಇರಬಹುದು. ಹತ್ತಿಕೊಂಡರೆ ನೀರೊಳಗೂ ಉರಿಯುವ ವಸ್ತು ಅದು, ಅನುಮತಿಯಿರುವ ಕಡೆಯೇ ಮುಟ್ಟಬೇಕು. ಅಂಚಿನಲ್ಲಿ ‘ಸೇಫ್ಟಿ’ ಎಂದು ಬರೆದಿದೆಯೆಂದು ನಿರಾಳವಾಗಬೇಡಿ. ಹಿಂದಿನ ತಲೆಮಾರಿನ ಅಂಚಿನ ಬರಹವೂ ಪ್ರಿಂಟಾಗುವಾಗ ಮುಂದಿನದಕ್ಕೆ ಇಳಿದುಬರುತ್ತದೆ. ಒಂದೇ ಅಂಚಿನಲ್ಲಿ ಎರಡೆರಡು ಬರಹ ಕಂಡರೆ ಯಾವುದು ಈ ಫಿಲ್ಮಿನದೇ ಎಂದು ಬಲ್ಲವರಿಂದ ಖಚಿತಪಡಿಸಿಕೊಳ್ಳಿ.

ಗೀರುಗಳ ವಿಚಾರಕ್ಕೆ ಸ್ವಲ್ಪ ಹೊತ್ತು ಕೊಡಿ, ಮುಂದಿನ ಅರ್ಧ ಖರ್ಚು ಇಲ್ಲೇ ತೀರ್ಮಾನವಾಗುತ್ತದೆ. ಫಿಲ್ಮನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಹೊಳೆಯುವ ಕಡೆ ಬೇಸ್ (ಆಧಾರದ ಹಾಳೆ), ಮಂಕಾದ ಕಡೆ ಎಮಲ್ಷನ್ (ಚಿತ್ರವಿರುವ ಪದರ). ನೆಗೆಟಿವ್‌ನ ಬೇಸ್ ಮೇಲಿನ ಗೀರು ಬೆಳಕನ್ನು ಚದುರಿಸುತ್ತದೆ, ಹಾಗಾಗಿ ಪರದೆಯಲ್ಲಿ ಬಿಳಿ ಗೆರೆಯಾಗಿ ಕಾಣುತ್ತದೆ. ಎಮಲ್ಷನ್ನಿನ ಗೀರು ಬೆಳ್ಳಿಯನ್ನೇ ಕೆರೆದು ತೆಗೆದಿರುತ್ತದೆ, ಅದು ಪರದೆಯಲ್ಲಿ ಕಪ್ಪು ಗೆರೆ. ಬಿಳಿಯದಕ್ಕೆ ವೆಟ್ ಗೇಟ್ (ಮುಂದೆ ಹೇಳುವ ಒದ್ದೆ ಸ್ಕ್ಯಾನ್) ಮದ್ದು. ಕಪ್ಪಿಗೆ ಮದ್ದಿಲ್ಲ, ಕೂತು ಕೈಯಿಂದ ತಿದ್ದಬೇಕು.

ಧೂಳಿನದೂ ಇಂಥದೇ ಗುಟ್ಟು. ತೆರೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಧೂಳು ಕೂತದ್ದು ಯಾವುದೋ ನೆಗೆಟಿವ್ ಮೇಲೆ, ಕಪ್ಪು ಚುಕ್ಕೆಯಾದರೆ ಯಾವುದೋ ಪಾಸಿಟಿವ್ ಮೇಲೆ. ‘ರೋಮನ್ ಹಾಲಿಡೇ’ಯಂತೆ ಡ್ಯೂಪ್ ನೆಗೆಟಿವ್ ಸ್ಕ್ಯಾನ್ ಮಾಡುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಕಪ್ಪು ಚುಕ್ಕೆ ಹಿಂದಿನ ಫೈನ್ ಗ್ರೇನಿನ ಮೇಲಿದ್ದ ಧೂಳು. ಅದೀಗ ಚಿತ್ರದ ಭಾಗವೇ ಆಗಿಹೋಗಿದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಬಿಳಿ ಚುಕ್ಕೆಗಳಲ್ಲಿ ಕೆಲವು ಈಗ ಕೈಯಲ್ಲಿರುವ ಡ್ಯೂಪಿನ ಮೇಲೇ ಇರಬಹುದು, ಅಲ್ಟ್ರಾಸಾನಿಕ್ ಕ್ಲೀನರಿಗೆ ಹಾಕಿದರೆ ಹೋಗುತ್ತವೆ. ಒಂದು ರೀಲನ್ನು ಮಾತ್ರ ತೊಳೆಸಿ, ಮೊದಲಿನ ಹಾಗೂ ನಂತರದ ಸ್ಕ್ಯಾನ್‌ನ ನೂರು ಫ್ರೇಮುಗಳನ್ನು ಅಕ್ಕಪಕ್ಕ ಇಟ್ಟು ಬಿಳಿ ಚುಕ್ಕೆ ಎಷ್ಟು ಇಳಿಯಿತೆಂದು ಎಣಿಸಿ. ಇಳಿದಿಲ್ಲವೆಂದರೆ ಉಳಿದ ರೀಲುಗಳ ಕೊಳೆಯೂ ಒಳಗೇ ಅಚ್ಚಾದದ್ದು ಎಂದು ತಿಳಿದು ಸಾಫ್ಟ್‌ವೇರಿನ ದಿನಗಳನ್ನು ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ.

ಸ್ಕ್ಯಾನ್: ಒಣಗೋ ಒದ್ದೆಗೋ, 2ಕೆಗೋ 4ಕೆಗೋ

ವೆಟ್ ಗೇಟಿನಲ್ಲಿ ಫಿಲ್ಮು ಪರ್‌ಕ್ಲೋರೋಎಥಿಲಿನ್‌ನಂಥ ದ್ರವದೊಳಗೆ ಮುಳುಗಿ ಹಾಯುತ್ತದೆ. ದ್ರವದ ವಕ್ರೀಭವನ ಸೂಚ್ಯಂಕ ಬೇಸಿನದಕ್ಕೆ ಹತ್ತಿರ, ಸುಮಾರು 1.5. ಗೀರಿನ ಕುಳಿಯಲ್ಲಿ ದ್ರವ ತುಂಬಿಕೊಂಡು ಬೆಳಕು ಚದುರದೆ ನೆಟ್ಟಗೆ ಹೋಗುತ್ತದೆ, ಗೀರು ಮಾಯ. ಒಣ ಗೇಟಿಗಿಂತ ದುಬಾರಿ, ನಿಧಾನ. ದ್ರವದ ಹೊಗೆ ಆರೋಗ್ಯಕ್ಕೆ ಹಾನಿ ಎಂದು ಎಲ್ಲ ಲ್ಯಾಬುಗಳೂ ಇಟ್ಟುಕೊಳ್ಳುವುದಿಲ್ಲ. ದ್ರವದಲ್ಲಿ ಗುಳ್ಳೆ ಎದ್ದರೆ ಅದೂ ಚಿತ್ರದಲ್ಲಿ ದಾಖಲಾಗುತ್ತದೆ. ಬೇಸ್ ಮೇಲೆ ಬಿಳಿ ಗೀರಿನ ಮಳೆ ಸುರಿಯುತ್ತಿರುವ ರೀಲುಗಳಿಗೆ ಒದ್ದೆ, ಮಿಕ್ಕವಕ್ಕೆ ಒಣ ಸ್ಕ್ಯಾನ್ ಸಾಕು. ಇವತ್ತಿನ ಸ್ಕ್ಯಾನರುಗಳ ಚದುರಿದ ಎಲ್‌ಇಡಿ ಬೆಳಕೇ ಸಣ್ಣಪುಟ್ಟ ಗೀರುಗಳನ್ನು ತಕ್ಕಮಟ್ಟಿಗೆ ಮರೆಮಾಡುತ್ತದೆ.

ಮಾರಾಟದವರು ಇನ್ಫ್ರಾರೆಡ್ ಧೂಳು ಪತ್ತೆಯನ್ನು ದೊಡ್ಡದಾಗಿ ಹೇಳಿದರೆ ಕೇಳಿ ಸುಮ್ಮನಾಗಿ. ಬಣ್ಣದ ಫಿಲ್ಮಿನಲ್ಲಿ ವರ್ಣಗಳ ಮೂಲಕ ಇನ್ಫ್ರಾರೆಡ್ ಹಾದುಹೋಗುತ್ತದೆ, ಧೂಳು ಮಾತ್ರ ತಡೆಯುತ್ತದೆ, ಹಾಗಾಗಿ ಅಲ್ಲಿ ಅದು ಒಳ್ಳೆಯ ಉಪಾಯ. ಕಪ್ಪು-ಬಿಳುಪಿನ ಬೆಳ್ಳಿಯೂ ಇನ್ಫ್ರಾರೆಡ್ ತಡೆಯುತ್ತದೆ, ಚಿತ್ರ ಯಾವುದು ಧೂಳು ಯಾವುದು ಎಂದು ಯಂತ್ರಕ್ಕೆ ತಿಳಿಯುವುದೇ ಇಲ್ಲ. ಟೆಕ್ನಿಕಲರ್‌ನ ಮೂರು ನೆಗೆಟಿವ್‌ಗಳಿಗೂ ಇದೇ ಮಾತು.

ಕುಗ್ಗಿದ ಫಿಲ್ಮಿನ ರಂಧ್ರಗಳ ಅಂತರವೂ ಕಡಿಮೆಯಾಗಿರುತ್ತದೆ. ಶೇ 1ರ ಆಸುಪಾಸು ಕುಗ್ಗಿದ್ದನ್ನು ಪಿನ್ ಚುಚ್ಚಿ ನಿಲ್ಲಿಸುವ ಮಾಮೂಲು ಗೇಟಿಗೆ ಕೊಟ್ಟರೆ ರಂಧ್ರ ಹರಿಯುತ್ತದೆ. ಹಲ್ಲುಚಕ್ರವಿಲ್ಲದೆ ರೋಲರುಗಳ ಮೇಲೆ ಓಡಿಸುವ ಸ್ಕ್ಯಾನರು ಅಥವಾ ಕುಗ್ಗಿದ ಫಿಲ್ಮಿಗೆಂದೇ ಮಾಡಿದ ಗೇಟು ಕೇಳಿ.

ಇನ್ನು ರೆಸಲ್ಯೂಷನ್. 118 ನಿಮಿಷದ ಚಿತ್ರವೆಂದರೆ 35 ಎಂಎಂನಲ್ಲಿ ನಿಮಿಷಕ್ಕೆ 90 ಅಡಿಯಂತೆ 10,620 ಅಡಿ, 1,69,920 ಫ್ರೇಮು. 4096×3112 ಅಳತೆಯ 10-ಬಿಟ್ ಡಿಪಿಎಕ್ಸ್ (ಫ್ರೇಮಿಗೊಂದು ಫೈಲಿನ ಸ್ವರೂಪ) ಫ್ರೇಮು ಒಂದಕ್ಕೆ ಸುಮಾರು 51 ಎಂಬಿ, ಒಟ್ಟು 8.7 ಟಿಬಿ. 16-ಬಿಟ್‌ನಲ್ಲಿ 13 ಟಿಬಿ. 2ಕೆಯಲ್ಲಿ ಫ್ರೇಮಿಗೆ 12.7 ಎಂಬಿ, ಒಟ್ಟು 2.2 ಟಿಬಿ ಮಾತ್ರ. ಕಚ್ಚಾ ಸ್ಕ್ಯಾನ್, ಶುಚಿಗೊಳಿಸಿದ ಪ್ರತಿ, ಗ್ರೇಡ್ ಆದದ್ದು ಎಂದು ಮೂರು ಇಟ್ಟುಕೊಳ್ಳಬೇಕಾದ್ದರಿಂದ ಈ ಅಂಕಿಗಳನ್ನು ಮೂರರಿಂದ ಗುಣಿಸಿ, ಎಲ್‌ಟಿಒ ಎಂಬ ಡೇಟಾ ಟೇಪಿನಲ್ಲಿ ಎರಡೆರಡು ನಕಲಿಗೂ ಜಾಗ ಬಿಡಿ.

ಮೂರನೇ ತಲೆಮಾರಿನ ಡ್ಯೂಪಿನಲ್ಲಿ 4ಕೆಯಷ್ಟು ವಿವರ ಎಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ನಿಜವಾದ ವಿವರ 2ಕೆಯ ಸುತ್ತಮುತ್ತಲೇ ಮುಗಿಯುತ್ತದೆ. ಆದರೂ 4ಕೆ ಮೇಲೆನ್ನುವುದಕ್ಕೆ ಕಾರಣ ವಿವರವಲ್ಲ, ಗ್ರೇನ್. 2ಕೆ ಜಾಲರಿಯ ಕಣ್ಣಿಗಿಂತ ಸಣ್ಣದಾದ ಗ್ರೇನ್ ಅದರಲ್ಲಿ ಸಿಕ್ಕಿ ಒರಟಾದ, ಇಲ್ಲದ ಮಾದರಿಯ ಗದ್ದಲವಾಗಿ ದಾಖಲಾಗುತ್ತದೆ; ಆಮೇಲೆ ಡಿಸ್ಕಿನ ಕಂಪ್ರೆಷನ್ ಅದನ್ನು ಇನ್ನೂ ಕೆಡಿಸುತ್ತದೆ. 4ಕೆಯಲ್ಲಿ ಸ್ಕ್ಯಾನ್ ಮಾಡಿ 2ಕೆಗೆ ಇಳಿಸಿದ ಬ್ಲೂ-ರೇ, ನೇರ 2ಕೆ ಸ್ಕ್ಯಾನ್‌ನ ಬ್ಲೂ-ರೇಗಿಂತ ಮೃದುವಾಗಿಯೂ ಸ್ಪಷ್ಟವಾಗಿಯೂ ಕಾಣುತ್ತದೆ. ದುಡ್ಡು ಸಾಲದಿದ್ದರೆ 4ಕೆ ಸ್ಕ್ಯಾನ್ ಮಾಡಿಸಿ, ಶುಚಿ ಕೆಲಸವನ್ನು 2ಕೆಯಲ್ಲಿ ಮುಗಿಸಿ, ಕಚ್ಚಾ ಸ್ಕ್ಯಾನನ್ನು ಟೇಪಿನಲ್ಲಿ ಕಾಪಿಡಿ. 8ಕೆ ಬೇಕಾಗುವುದು 65 ಎಂಎಂ ನೆಗೆಟಿವ್‌ನ ‘ಮೈ ಫೇರ್ ಲೇಡಿ’ (1964) ಥರದ ಚಿತ್ರಗಳಿಗೆ. ಅದರ 2015ರ ಪುನಃಸ್ಥಾಪನೆಗೆ ಹಾಗೆಯೇ ಮಾಡಿದರು. ಸಾಮಾನ್ಯ 35 ಎಂಎಂಗೆ 8ಕೆ ಬರೀ ಬಡಾಯಿ.

ಶುಚಿ ಮತ್ತು ಗ್ರೇನ್: ಹೆಚ್ಚಿನ ಡಿಸ್ಕುಗಳು ಕೆಡುವುದು ಇಲ್ಲೇ

ಸ್ವಯಂಚಾಲಿತ ಧೂಳು ತೆಗೆಯುವ ತಂತ್ರಾಂಶದ ತರ್ಕ ಸರಳ: ಒಂದು ಫ್ರೇಮಿನಲ್ಲಿದ್ದು ಹಿಂದಿನದರಲ್ಲೂ ಮುಂದಿನದರಲ್ಲೂ ಇಲ್ಲದ್ದು ಕೊಳೆ. ‘ರೋಮನ್ ಹಾಲಿಡೇ’ಯಲ್ಲಿ ರಾಜಕುಮಾರಿ ಕ್ಷೌರದಂಗಡಿಯಲ್ಲಿ ಕೂತು ಕೂದಲು ಕತ್ತರಿಸಿಕೊಳ್ಳುವ ದೃಶ್ಯವನ್ನು ಆ ಕಣ್ಣಿನಿಂದ ನೋಡಿ. ಕತ್ತರಿ ಆಡಿದಂತೆ ಉದುರುವ ಕೂದಲು ಒಂದೊಂದು ಫ್ರೇಮಿನಲ್ಲಿ ಒಂದೊಂದು ಕಡೆ ಇರುತ್ತದೆ, ಯಂತ್ರದ ಪ್ರಕಾರ ಅದು ಕಸ. ಕತ್ತರಿಯ ಅಲಗಿನ ಮಿಂಚು ಕಸ. ಹೊರಗೆ ಟ್ರೆವಿ ಕಾರಂಜಿಯ ಹನಿಗಳು ಕಸ. ರಾಯಭಾರ ಕಚೇರಿಯ ನೃತ್ಯಕೂಟದಲ್ಲಿ ಕಿರೀಟದ ಹರಳು ತಲೆ ತಿರುಗಿಸಿದಾಗ ಒಂದೇ ಫ್ರೇಮು ಫಳಕ್ಕೆಂದರೆ ಅದೂ ಕಸ. ಕಣ್ಣುಮುಚ್ಚಿ ಓಡಿಸಿದರೆ ಕತ್ತರಿ ಆಡುತ್ತದೆ, ಕೂದಲು ಬೀಳುವುದಿಲ್ಲ. ಆದ್ದರಿಂದ ಶಾಟ್ ಶಾಟಿಗೂ ಮಟ್ಟ ಬೇರೆ ಇಡಿ. ನಿಂತ ಕ್ಯಾಮೆರಾ, ನಿಧಾನ ಚಲನೆಯಿದ್ದರೆ ಸ್ವಯಂಚಾಲಿತ. ನೀರು, ಹೊಗೆ, ಆಭರಣ, ಮಳೆ, ಬೀಸುವ ಬಟ್ಟೆ ಇದ್ದರೆ ಯಂತ್ರ ನಿಲ್ಲಿಸಿ ಕೈಯಿಂದ. ಮುಗಿದ ಮೇಲೆ ಯಂತ್ರ ತೆಗೆದುಹಾಕಿದ್ದನ್ನಷ್ಟೇ ತೋರಿಸುವ ವ್ಯತ್ಯಾಸ-ಚಿತ್ರ ಹಾಕಿಸಿ ನೋಡಿ. ಅದರಲ್ಲಿ ಚುಕ್ಕೆ, ನಾರು ಕಂಡರೆ ಸರಿ. ಮುಖದ ಬಾಹ್ಯರೇಖೆ, ಕೈಬೆರಳು ಕಂಡರೆ ಯಂತ್ರ ನಟಿಯನ್ನೇ ತೊಳೆಯುತ್ತಿದೆ.

ಗ್ರೇನಿನ ವಿಚಾರದಲ್ಲಿ ಮೂರು ದಾರಿಗಳಿವೆ. ಹಾಗೇ ಬಿಡುವುದು ಒಂದು. ಆಕರ ಬದಲಾದ ಕಡೆ ಮಾತ್ರ ಹದಗೊಳಿಸಿ ಸಮ ಮಾಡುವುದು ಎರಡನೆಯದು. ಪೂರ್ತಿ ಒರೆಸಿ, ಬೇಕಾದರೆ ಮೇಲೆ ಕೃತಕ ಗ್ರೇನ್ ಉದುರಿಸುವುದು ಮೂರನೆಯದು. ನಮ್ಮ ಮತ ಎರಡನೆಯದಕ್ಕೆ. ಡಿಸಾಲ್ವ್ (ಒಂದು ದೃಶ್ಯ ಕರಗಿ ಇನ್ನೊಂದಾಗುವುದು), ಫೇಡ್ (ಮೆಲ್ಲಗೆ ಕತ್ತಲಾಗುವುದು), ಶೀರ್ಷಿಕೆಗಳು ಆಗಿನ ಕಾಲದಲ್ಲಿ ಆಪ್ಟಿಕಲ್ ಪ್ರಿಂಟರಿನಲ್ಲಿ ಮಾಡಿದ ನಕಲಾದ್ದರಿಂದ ಅಲ್ಲಿಗೆ ಬಂದೊಡನೆ ಗ್ರೇನ್ ದಪ್ಪವಾಗುತ್ತದೆ. ಆ ಜಿಗಿತವನ್ನು ಒಂದಿಷ್ಟು ಇಳಿಸಿದರೆ ತಪ್ಪಿಲ್ಲ, ಪೂರ್ತಿ ಅಳಿಸಲು ಹೋಗಬೇಡಿ.

ಮೂರನೆಯ ದಾರಿ ಹಿಡಿದ ಡಿಸ್ಕನ್ನು ಗುರುತಿಸುವುದು ಕಷ್ಟವಲ್ಲ. ನಾಯಕನ ಮುಖ ಮೇಣದ ಗೊಂಬೆಯಂತಿರುತ್ತದೆ. ಮುಖ ಚಲಿಸುವಾಗ ಹಿಂದಿನ ಗೋಡೆಯ ಗ್ರೇನ್ ಅಲುಗಾಡದೆ ಕೊಳಕು ಗಾಜಿನ ಹಾಗೆ ಅಂಟಿಕೊಂಡಿರುತ್ತದೆ. ಮೃದುವಾದದ್ದನ್ನು ಮುಚ್ಚಲು ಅಂಚು ಚುರುಕು ಮಾಡಿದ್ದರೆ ಬಿಳಿ ಆಕಾಶದೆದುರು ನಿಂತವರ ಕಪ್ಪು ಕೋಟಿನ ಸುತ್ತ ಬೆಳ್ಳಿರೇಖೆ ಕಾಣುತ್ತದೆ. ಈಗಿನ ಎಐ ಹಿಗ್ಗಿಸುವಿಕೆ ಇದಕ್ಕಿಂತ ಜಾಣ, ಅದಕ್ಕೇ ಹೆಚ್ಚು ಅಪಾಯ. ಇಲ್ಲದ ರೆಪ್ಪೆಗೂದಲನ್ನು ಬರೆಯುತ್ತದೆ, ದೂರದ ಅಂಗಡಿ ಬೋರ್ಡಿನ ಅಕ್ಷರಗಳನ್ನು ಯಾವ ಭಾಷೆಯದೂ ಅಲ್ಲದ ಲಿಪಿ ಮಾಡುತ್ತದೆ. ಹತ್ತಿಪ್ಪತ್ತು ಫ್ರೇಮು ಪೂರ್ತಿ ಹಾಳಾದ ಕಡೆ ಅದನ್ನು ಸಹಾಯಕ್ಕೆ ಕರೆಯಿರಿ, ಇಡೀ ಚಿತ್ರಕ್ಕೆ ಬೇಡ.

ಗ್ರೇನ್ ಉಳಿಸಲಿಕ್ಕೆ ಸೌಂದರ್ಯದ್ದಲ್ಲದ ಕಾರಣವೂ ಇದೆ. ಬ್ಲೂ-ರೇ 8-ಬಿಟ್, ಅಂದರೆ ಕಪ್ಪಿನಿಂದ ಬಿಳಿಯವರೆಗಿನ ಛಾಯೆಗಳ ಮೆಟ್ಟಿಲು ಕಡಿಮೆ. ಕಪ್ಪು-ಬಿಳುಪಿನ ನಿಧಾನ ಫೇಡ್, ಮುಸ್ಸಂಜೆಯ ಆಕಾಶ, ಗ್ರೇನಿಲ್ಲದೆ ನುಣ್ಣಗಾದರೆ ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಬೀಳುತ್ತದೆ. ಗ್ರೇನ್ ಆ ಪಟ್ಟೆಗಳನ್ನು ಒಡೆದು ಮುಚ್ಚುತ್ತದೆ.

ನಡುಕ ತೆಗೆಯುವ ಕೆಲಸದಲ್ಲಿ ಎಚ್ಚರವಹಿಸಬೇಕಾದ್ದು ಒಂದೇ. ಸ್ಥಿರಗೊಳಿಸುವಾಗ ಆಧಾರ ಫ್ರೇಮಿನ ಅಂಚೋ ರಂಧ್ರವೋ ಆಗಿರಲಿ, ದೃಶ್ಯದೊಳಗಿನ ವಸ್ತುವಲ್ಲ. ಇಲ್ಲವಾದರೆ ಕ್ಯಾಮೆರಾಮನ್ ಬೇಕೆಂದೇ ಮಾಡಿದ ಚಲನೆಯೂ ಹೋಗಿ ಊರೇ ತೇಲತೊಡಗುತ್ತದೆ.

ಚೌಕಟ್ಟು, ಹೆಸರುಗಳು, ಬಣ್ಣ ಹಚ್ಚುವಿಕೆ

1953 ತಗಾದೆಯ ವರ್ಷ. ಅಗಲ ಪರದೆಯ ಹುಚ್ಚು ಆ ವಸಂತದಲ್ಲಿ ಎದ್ದು, ಹಳೆಯ ಚೌಕಟ್ಟಿಗೆಂದು ತೆಗೆದ ಚಿತ್ರಗಳ ತಲೆ-ಕಾಲು ಕತ್ತರಿಸಿ ತೋರಿಸಿದ್ದುಂಟು. ‘ರೋಮನ್ ಹಾಲಿಡೇ’ ಚಿತ್ರೀಕರಣವಾದದ್ದು 1952ರ ಬೇಸಿಗೆಯಲ್ಲಿ, ಅದಕ್ಕೂ ಮೊದಲು, ಡಿಸ್ಕಿನಲ್ಲಿ ಅಗಲ-ಎತ್ತರ 1.37:1 ಇರಬೇಕು. 1920×1080ರ ಒಳಗೆ ಅದು ಸುಮಾರು 1480 ಪಿಕ್ಸೆಲ್ ಅಗಲ, ಎರಡೂ ಬದಿ ಕಪ್ಪು ಪಟ್ಟಿ. ಪರದೆ ತುಂಬಲಿಲ್ಲವೆಂದು ಗ್ರಾಹಕ ಗೊಣಗಿದರೂ ಹಿಗ್ಗಿಸಬೇಡಿ. 1953ರ ಬೇಸಿಗೆಯ ನಂತರ ಚಿತ್ರೀಕರಣವಾದದ್ದಾದರೆ ಸ್ಟುಡಿಯೋದ ಆಗಿನ ಕಾಗದಪತ್ರ, ವೃತ್ತಪತ್ರಿಕೆ ಜಾಹೀರಾತು ನೋಡಿ ನಿರ್ಧರಿಸಬೇಕು, ಊಹೆ ಸಲ್ಲದು.

ಇದೇ ಚಿತ್ರ ಇನ್ನೊಂದು ಇಕ್ಕಟ್ಟನ್ನೂ ತೋರಿಸುತ್ತದೆ. ಕಥೆ ಬರೆದ ಡಾಲ್ಟನ್ ಟ್ರಂಬೋ ಕಮ್ಯುನಿಸ್ಟರೆಂದು ಹಾಲಿವುಡ್ ಹೊರಗಿಟ್ಟವರ ಕಪ್ಪುಪಟ್ಟಿಯಲ್ಲಿದ್ದುದರಿಂದ ತೆರೆಯ ಮೇಲೂ ಆಸ್ಕರ್‌ನಲ್ಲೂ ಇಯಾನ್ ಮೆಕ್‌ಲೆಲನ್ ಹಂಟರ್ ಹೆಸರು ಬಂತು. ಚಿತ್ರವನ್ನು ಡಿವಿಡಿಗೆ ಸಿದ್ಧಪಡಿಸಿದಾಗ ಟ್ರಂಬೋ ಹೆಸರನ್ನು ಶೀರ್ಷಿಕೆಗೆ ಸೇರಿಸಲಾಯಿತು, ಅಮೆರಿಕದ ಬರಹಗಾರರ ಸಂಘ ಪೂರ್ಣ ಮನ್ನಣೆ ಕೊಟ್ಟದ್ದು 2011ರಲ್ಲಿ. ನ್ಯಾಯ ಸರಿಪಡಿಸುವುದೋ, 1953ರಲ್ಲಿ ಜನ ನೋಡಿದ ಶೀರ್ಷಿಕೆಯನ್ನೇ ಉಳಿಸುವುದೋ? ಹೊಸ ಹೆಸರು ಹಾಕುವುದೇ ಸರಿ ಎನ್ನಿಸುತ್ತದೆ, ಆದರೆ ಹಳೆಯ ಶೀರ್ಷಿಕೆಯ ಫ್ರೇಮುಗಳನ್ನು ಕಚ್ಚಾ ಸ್ಕ್ಯಾನ್‌ನಲ್ಲಿ ಕಾಪಾಡಿ, ಸಾಧ್ಯವಾದರೆ ಡಿಸ್ಕಿನ ಹೆಚ್ಚುವರಿ ಭಾಗದಲ್ಲಿ ತೋರಿಸಿ.

ಬಣ್ಣ ಹಚ್ಚುವುದು ಪುನಃಸ್ಥಾಪನೆಯಲ್ಲ, ಬೇರೆಯೇ ಸರಕು. 1988ರಲ್ಲಿ ‘ಕಾಸಾಬ್ಲಾಂಕಾ’ಕ್ಕೆ ಬಣ್ಣ ಬಳಿದು ಟಿವಿಯಲ್ಲಿ ತೋರಿಸಿದಾಗ ಅಮೆರಿಕದಲ್ಲಿ ಗಲಾಟೆಯೇ ಎದ್ದಿತ್ತು. ನಮ್ಮಲ್ಲಿ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ಮತ್ತೆ ತೆರೆಗೆ ಬಂದಾಗ ಜನ ಹಬ್ಬ ಮಾಡಿದರು, ಅದು ಅಣ್ಣಾವ್ರನ್ನು ದೊಡ್ಡ ಪರದೆಯಲ್ಲಿ ಕಾಣುವ ಸಂಭ್ರಮ. ಡಿಸ್ಕಿನಲ್ಲಿ ಬಣ್ಣದ ಆವೃತ್ತಿ ಕೊಡಲೇಬೇಕಾದರೆ ಕಪ್ಪು-ಬಿಳುಪಿನದನ್ನು ಮುಖ್ಯವಾಗಿಸಿ, ಬಣ್ಣದ್ದನ್ನು ಪಕ್ಕಕ್ಕಿಡಿ.

ಧ್ವನಿ

ಆಕರದ ಸರದಿ ಇಲ್ಲೂ ಅದೇ: ಮ್ಯಾಗ್ನೆಟಿಕ್ ಮಾಸ್ಟರ್ (ಕಾಂತೀಯ ಮೂಲ ಧ್ವನಿಮುದ್ರಣ) ಉಳಿದಿದ್ದರೆ ಅದು, ಇಲ್ಲದಿದ್ದರೆ ಆಪ್ಟಿಕಲ್ ಟ್ರ್ಯಾಕ್ (ಬೆಳಕಿನಿಂದ ಫಿಲ್ಮಿನ ಮೇಲೆ ಮೂಡಿಸಿದ ಧ್ವನಿ) ನೆಗೆಟಿವ್, ಕೊನೆಗೆ ಪ್ರಿಂಟಿನ ಅಂಚಿನ ಟ್ರ್ಯಾಕು. 24-ಬಿಟ್, 96 ಕಿಲೋಹರ್ಟ್ಸ್‌ನಲ್ಲಿ ತೆಗೆದು ಕೆಲಸ ಮುಗಿದ ಮೇಲೆ 48ಕ್ಕೆ ಇಳಿಸಿ. ಅಂಟಿನ ಜಾಗದ ಟಪ್ ಸದ್ದು, 60 ಹರ್ಟ್ಸ್‌ನ ಗುಂಯ್‌ಗುಡುವಿಕೆ ಧಾರಾಳವಾಗಿ ತೆಗೆಯಿರಿ. ಹಿಸ್ (ಹಿನ್ನೆಲೆಯ ಸುಸ್ ಎನ್ನುವ ಸದ್ದು) ಮಾತ್ರ ಅಳೆದು ಅಳೆದು ಇಳಿಸಿ. ಪ್ರೇಮಚಿತ್ರದಲ್ಲಿ ಪಿಸುಮಾತು, ಮಾತಿನ ನಡುವಿನ ಉಸಿರು, ಕೋಣೆಯ ಮೌನ ಎಲ್ಲವೂ ಹಿಸ್ ಇರುವ ಕಂಪನಾಂಕಗಳಲ್ಲೇ ಇರುತ್ತವೆ. ಹೆಚ್ಚು ಒರೆಸಿದರೆ ಮಾತು ನಿಂತೊಡನೆ ಯಾರೋ ಸ್ವಿಚ್ ಆರಿಸಿದ ಹಾಗೆ ಮೌನ ಬಿದ್ದು, ಮುಂದಿನ ಮಾತಿಗೆ ಮತ್ತೆ ಹೊತ್ತಿಕೊಳ್ಳುತ್ತದೆ. ಹೆಡ್‌ಫೋನಿನಲ್ಲಿ ಅದು ಅಸಹನೀಯ.

ಮೊನೊ (ಒಂದೇ ಚಾನೆಲಿನ ಧ್ವನಿ) ಚಿತ್ರಕ್ಕೆ 5.1 (ಆರು ಚಾನೆಲಿನ ಸುತ್ತಧ್ವನಿ) ಬೇಕೇ? ಬೇಡ, ಮಾರುಕಟ್ಟೆಯ ಒತ್ತಡಕ್ಕೆ ಕೊಟ್ಟರೂ ಮೂಲ ಮೊನೊ ಜೊತೆಗಿರಲೇಬೇಕು. ‘ವರ್ಟಿಗೋ’ದ 1996ರ ಪುನಃಸ್ಥಾಪನೆಯಲ್ಲಿ ಹೊಸದಾಗಿ ಧ್ವನಿಮುದ್ರಿಸಿದ ಹೆಜ್ಜೆ ಸದ್ದು, ಗುಂಡಿನ ಸದ್ದು ಸೇರಿಸಿದ್ದಕ್ಕೆ ಕೇಳಿಬಂದ ಟೀಕೆ ಇನ್ನೂ ನಿಂತಿಲ್ಲ. 24-ಬಿಟ್ ಮೊನೊವನ್ನು ಎರಡು ಚಾನೆಲಿನ ಎಲ್‌ಪಿಸಿಎಂ (ಹಿಂಡದ ಡಿಜಿಟಲ್ ಧ್ವನಿ) ಮಾಡಿ ಹಾಕಿದರೂ ಸೆಕೆಂಡಿಗೆ 2.3 ಮೆಗಾಬಿಟ್ ಅಷ್ಟೇ. ಜಾಗವಿಲ್ಲ ಎನ್ನುವುದು ನೆಪ.

ಯಾವ ಡಿಸ್ಕು

ಡಿವಿಡಿಯನ್ನು ಈಗ ಗ್ರಂಥಾಲಯಗಳಿಗೂ ಹಳೆಯ ಪ್ಲೇಯರ್ ಇರುವವರಿಗೂ ಮಾತ್ರ ತನ್ನಿ. 720×480ರಲ್ಲಿ ಗ್ರೇನ್ ಉಳಿಯುವುದಿಲ್ಲ, ಕಲಸಿದ ಹಿಟ್ಟಾಗುತ್ತದೆ. ತರುವುದಾದರೆ 8.5 ಜಿಬಿಯ ಎರಡು ಪದರದ ಡಿಸ್ಕ್ ಹಿಡಿಯಿರಿ. 4.7 ಜಿಬಿಯದರಲ್ಲಿ 118 ನಿಮಿಷಕ್ಕೆ ಧ್ವನಿ ಸೇರಿ ಸೆಕೆಂಡಿಗೆ ಸರಾಸರಿ 5.3 ಮೆಗಾಬಿಟ್ ದಕ್ಕುತ್ತದೆ, ಸಾಲದು. ಪಾಲ್ (ಯುರೋಪು, ಭಾರತದ ಟಿವಿ) ಪದ್ಧತಿಯ ಡಿವಿಡಿಯಾದರೆ 24 ಫ್ರೇಮು 25 ಆಗಿ ಓಡಿ ಚಿತ್ರ 113 ನಿಮಿಷಕ್ಕೆ ಮುಗಿಯುತ್ತದೆ, ಧ್ವನಿಯೂ ಸ್ವಲ್ಪ ಏರುತ್ತದೆ. ದೃಶ್ಯ ಕತ್ತರಿಸಿದ್ದಾರೆಂದು ಕೊಂಡವರು ದೂರುವುದು ಇದಕ್ಕೇ.

ಬ್ಲೂ-ರೇನಲ್ಲಿ 25 ಜಿಬಿ ಸಾಕೇ, 50 ಬೇಕೇ? ಲೆಕ್ಕ ಹಾಕಿ. 25 ಜಿಬಿಯನ್ನು 7,080 ಸೆಕೆಂಡಿಗೆ ಹಂಚಿದರೆ ಎಲ್ಲ ಸೇರಿ 28 ಮೆಗಾಬಿಟ್. ಧ್ವನಿ, ಮೆನು ಕಳೆದು ಚಿತ್ರಕ್ಕೆ 24ರ ಆಸುಪಾಸು, ಹೆಚ್ಚುವರಿ ಏನೂ ಇಲ್ಲದಿದ್ದರೆ. ದಪ್ಪ ಗ್ರೇನಿನ ಡ್ಯೂಪ್ ಆಕರಕ್ಕೆ ಇದು ಬಿಗಿ, ಕಾರಂಜಿ ಬಂದಾಗ ಚೌಕಗಳು ಎದ್ದು ಕಾಣುತ್ತವೆ. 50 ಜಿಬಿಯಲ್ಲಿ 32ರಿಂದ 35 ಮೆಗಾಬಿಟ್ ಕೊಟ್ಟರೂ ಚಿತ್ರಕ್ಕೆ ಖರ್ಚಾಗುವುದು 28ರಿಂದ 31 ಜಿಬಿ, ಉಳಿದದ್ದರಲ್ಲಿ ಸಂದರ್ಶನ, ಟ್ರೈಲರ್ ಎಲ್ಲ ಹಿಡಿಸುತ್ತದೆ. ಕೆಟ್ಟ ಆಕರಕ್ಕೆ ಕಡಿಮೆ ಬಿಟ್‌ರೇಟ್ ಸಾಕೆಂದುಕೊಳ್ಳುವುದು ತಲೆಕೆಳಗಿನ ಲೆಕ್ಕ. ಆಕರ ಒರಟಾದಷ್ಟೂ ಹೆಚ್ಚು ಬೇಕು.

4ಕೆ ಯುಎಚ್‌ಡಿ ಮೂಲ ನೆಗೆಟಿವ್ ಅಥವಾ ಒಳ್ಳೆಯ ಫೈನ್ ಗ್ರೇನ್ ಇದ್ದಾಗ ನಿಜಕ್ಕೂ ಮೇಲು. ಡ್ಯೂಪ್ ಮಾತ್ರ ಇದ್ದಾಗ ಲಾಭ ಬರುವುದು ರೆಸಲ್ಯೂಷನ್ನಿನಿಂದಲ್ಲ, 10-ಬಿಟ್‌ನಿಂದ. ಎಚ್‌ಡಿಆರ್ (ಹೆಚ್ಚು ಹೊಳಪು ತೋರಿಸಬಲ್ಲ ಪದ್ಧತಿ) ಕೈಗೆ ಸಿಕ್ಕಿತೆಂದು ಬೆಳಕು ಏರಿಸಬೇಡಿ. ಬಿಳಿ ಅಂಗಿ 150ರಿಂದ 200 ನಿಟ್ (ಪರದೆಯ ಹೊಳಪಿನ ಅಳತೆ), ಕಿರೀಟದ ಮಿಂಚು, ಬೀದಿದೀಪ 300ರ ಸುತ್ತ ನಿಂತರೆ ಸಾಕು. ಅದಕ್ಕಿಂತ ಮೇಲೆ ಹೋದರೆ ಬೆಳಕಿನ ಭಾಗದ ಗ್ರೇನ್ ಕುದಿಯುವ ಎಸರಿನಂತೆ ಕಾಣುತ್ತದೆ. ಗ್ರೇಡ್ ಮುಗಿದ ಫೈಲಿನಲ್ಲಿ ಕೆಂಪು, ಹಸಿರು, ನೀಲಿ ಮೂರೂ ಚಾನೆಲುಗಳು ಸಮವಾಗಿವೆಯೇ ಎಂದು ಸ್ಕೋಪಿನಲ್ಲಿ (ಅವನ್ನು ಅಳೆದು ತೋರಿಸುವ ಉಪಕರಣದಲ್ಲಿ) ನೋಡಿ. ಒಂದಿಷ್ಟು ಓರೆಯಾದರೂ ಮನೆಯ ಟಿವಿಯಲ್ಲಿ ಕಪ್ಪು-ಬಿಳುಪು ಹಸಿರಿಗೋ ನೇರಳೆಗೋ ತಿರುಗುತ್ತದೆ.

ಅಚ್ಚಿಗೆ ಕಳಿಸುವ ಮುನ್ನ ಚೆಕ್ ಡಿಸ್ಕನ್ನು ಸ್ಟುಡಿಯೋ ಮಾನಿಟರಿನಲ್ಲಿ ಒಮ್ಮೆ, ಸಾಧಾರಣ 43 ಇಂಚಿನ ಟಿವಿಯಲ್ಲಿ ಒಮ್ಮೆ ಪೂರ್ತಿ ನೋಡಿ. ರೀಲು ಬದಲಾಗುವ ಜಾಗಗಳಲ್ಲಿ, ಅಂದರೆ ಹೆಚ್ಚುಕಡಿಮೆ ಇಪ್ಪತ್ತು ನಿಮಿಷಕ್ಕೊಮ್ಮೆ, ತುಟಿ ಮತ್ತು ಮಾತು ಹೊಂದುತ್ತಿದೆಯೇ ಎಂದು ವಿಶೇಷವಾಗಿ ಗಮನಿಸಿ. ಒಂದೆರಡು ಫ್ರೇಮು ಕಾಣೆಯಾಗಿ ಸಿಂಕ್ ತಪ್ಪುವುದು ಅಲ್ಲೇ. ಕೊಳ್ಳುವವರು ಪ್ರದೇಶ ಸಂಕೇತ ನೋಡಿಕೊಳ್ಳಬೇಕು. ಅಮೆರಿಕದ ಬ್ಲೂ-ರೇ ಎ ವಲಯದ್ದು, ಬ್ರಿಟನ್ನು, ಕೊಲ್ಲಿ ದೇಶಗಳದು ಬಿ, ಭಾರತದ್ದು ಸಿ. ಅಮೆರಿಕದಲ್ಲಿರುವ ಮಗಳು ಕಳಿಸಿದ ಡಿಸ್ಕ್ ಮೈಸೂರಿನ ಪ್ಲೇಯರಿನಲ್ಲಿ ಓಡದಿದ್ದರೆ ಡಿಸ್ಕಿನ ತಪ್ಪಲ್ಲ. 4ಕೆ ಯುಎಚ್‌ಡಿಗೆ ಈ ವಲಯದ ಬೇಲಿಯೇ ಇಲ್ಲ, ಎಲ್ಲಿಂದ ತರಿಸಿದರೂ ಓಡುತ್ತದೆ.